‘ಪುಟ್ಟ ನಗಾರಿ’ ವಾಪಸ್ ಬರುತ್ತಿದೆ, 7ನೇ ಪುಟ ಮಾತ್ರ ಜೋಪಾನ

ನಮಸ್ಕಾರ.

ನಿಮ್ಮ ‘ಪುಟ್ಟ ನಗಾರಿ’ ಕತೆ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಿಕೊಳ್ಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಸಂಪಾದಕರ ಪತ್ರದಲ್ಲಿ ಮೂರು ಪ್ಯಾರಾ ಹೊಗಳಿಕೆ ಓದಿ ನಾಲ್ಕನೆಯದರಲ್ಲಿ ‘ಆದರೆ’ ಅಂತ ಬಂದಾಗ ಹೊಟ್ಟೆಯಲ್ಲಿ ಆಗುವ ಸಂಕಟ ನನಗೂ ಚೆನ್ನಾಗಿ ಗೊತ್ತು. ಹಾಗಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳುವ ಕತೆಯೂ ಅಲ್ಲ ಇದು. ಅದಕ್ಕೇ ಇಷ್ಟುದ್ದದ ಪತ್ರ. ಕಾಫಿ ಮಾಡಿಕೊಂಡು ಕೂತು ಓದಿ.

ನಾನು ಓದಿದ್ದು ಇಷ್ಟು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ. ನ್ಯೂಯಾರ್ಕ್ ಸೀಮೆಯ ಮೊಹಾಕ್ ಕಣಿವೆಯ ಹುಡುಗ ಪೀಟರ್, ವಯಸ್ಸು 11. ಅಪ್ಪನ ಜೊತೆ ರಾಜನ ಪಕ್ಷದ ಪಡೆ ಸೇರಿ ಡ್ರಮ್ಮರ್ ಆಗುತ್ತಾನೆ. 1777ರ ಒರಿಸ್ಕನಿ ಕದನದಲ್ಲಿ ಸುರಿವ ಮಳೆಯಲ್ಲಿ ನಿಂತು ಬಾರಿಸಿ ಎಲ್ಲರಿಗೂ ಧೈರ್ಯ ತುಂಬುತ್ತಾನೆ. ನಡುವೆ ಒಂದಿಷ್ಟು ಕೋಟೆಯ ಬದುಕು. ಕೊನೆಗೆ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರ ಸೋಲು, ಡ್ರಮ್ ತಬ್ಬಿಕೊಂಡು ಪೀಟರ್‌ನ ಸಾವು. ಒಟ್ಟು 14 ಪುಟ.

ವಿಷಯ ಚೆನ್ನಾಗಿದೆ. ಅಮೆರಿಕದವರು ಬ್ರಿಟಿಷರನ್ನು ಓಡಿಸಿದರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ರಾಜನೇ ಇರಲಿ ಅಂದ ಅಮೆರಿಕದವರೂ ಸಾವಿರಾರು ಜನ ಇದ್ದರು, ಅವರನ್ನು ಲಾಯಲಿಸ್ಟರು ಅನ್ನುತ್ತಿದ್ದರು, ಅವರು ಹೊಲಮನೆ ಬಿಟ್ಟು ಕೆನಡಾ ಕಡೆಗೆ ಓಡಬೇಕಾಯಿತು ಅನ್ನುವುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹೊಸತು. ನೀವು ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲೇ ವಾಸ ಇದ್ದೀರಿ, ಹಳೇ ಕಾಲದ ಸಮವಸ್ತ್ರ ಹಾಕಿಕೊಂಡು ಡ್ರಮ್ಮು ಬಾರಿಸುವ, ಫೈಫು ಅನ್ನುವ ಮರದ ಕೊಳವೆ ಊದುವವರನ್ನು ಕಣ್ಣಾರೆ ನೋಡಿದ್ದೀರಿ. ಇಲ್ಲಿ ಕೂತು ಬರೆಯುವ ಯಾರಿಗೂ ಆ ಅನುಕೂಲ ಇಲ್ಲ. ಆದರೆ ಕತೆಯಲ್ಲಿ ಆ ನೋಡಿದ್ದು ಎಲ್ಲೂ ಕಾಣಲಿಲ್ಲ. ಕಂಡದ್ದು ಸಿನಿಮಾ.

ಮೊದಲ ಸಾಲು ನೋಡಿ: ‘ರಣಭೇರಿ ಮೊಳಗಿತು, ಕಾಡು ನಡುಗಿತು.’ ಇದು ಒರಿಸ್ಕನಿ. 1777ರ ಆಗಸ್ಟ್ 6. ಎದುರು ಪಕ್ಷದ ಕೈಯಲ್ಲಿದ್ದ ಸ್ಟ್ಯಾನ್ವಿಕ್ಸ್ ಕೋಟೆಗೆ ಸಹಾಯ ಕೊಡಲು ಅವರದೇ ನಾಯಕ ಹರ್ಕಿಮರ್‌ನ ದಂಡು ಬರುತ್ತಿದೆ ಅಂತ ಗೊತ್ತಾಗಿ, ದಾರಿಯ ಕೊರಕಲಿನ ಎರಡೂ ಬದಿ ಮರಗಳ ಹಿಂದೆ ಉಸಿರು ಬಿಗಿಹಿಡಿದು ಅಡಗಿ ಕೂತವರು ರಾಜನ ಪಕ್ಷದವರು. ಹೊಂಚು ಹಾಕಿ ಕೂತವರು ಯಾರಾದರೂ ಡ್ರಮ್ ಬಾರಿಸುತ್ತಾರಾ? ನಿಮ್ಮ ಪೀಟರ್ ಆ ಬೆಳಿಗ್ಗೆ ಒಂದೇ ಒಂದು ಏಟು ಹೊಡೆದಿದ್ದರೂ ಸ್ವಂತ ಅಪ್ಪನೇ ಅವನ ಕತ್ತು ಹಿಸುಕುತ್ತಿದ್ದ. ಬಾರಿಸದೇ ಇರುವ ಡ್ರಮ್ಮರ್, ಕೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಡ್ರಮ್ಮಿನ ಮೇಲೆ ಎಲೆ ಬಿದ್ದರೂ ಸದ್ದಾಗುತ್ತೆ ಅಂತ ಅಂಗೈ ಅಡ್ಡ ಇಟ್ಟುಕೊಂಡು ಕೂತ ಹುಡುಗ! ಅದು ಶುರುವಾತು. ಭೇರಿ ಅಲ್ಲ.

ಮಳೆ ನಿಜ. ಕದನದ ಮಧ್ಯೆ ಗುಡುಗು ಮಳೆ ಬಂದು ಸುಮಾರು ಒಂದು ಗಂಟೆ ಎಲ್ಲಾ ನಿಂತೇಹೋಯಿತು, ಮದ್ದು ಒದ್ದೆಯಾದರೆ ಬಂದೂಕು ಹಾರುವುದಿಲ್ಲ. ಅದೇ ಮಳೆಯಲ್ಲಿ ನಿಮ್ಮ ಡ್ರಮ್ ಮಾತ್ರ ‘ಸಿಡಿಲಿನಂತೆ ಗರ್ಜಿಸಿತು’. ಅದು ಕರುವಿನ ಚರ್ಮ. ಮರದ ಪಟ್ಟಿ ಬಗ್ಗಿಸಿ ಮಾಡಿದ ಪೀಪಾಯಿಗೆ ಎರಡೂ ಕಡೆ ಚರ್ಮ, ಮೇಲಿಂದ ಕೆಳಗೆ ಅಂಕುಡೊಂಕಾಗಿ ಹಗ್ಗ, ಹಗ್ಗ ಬಿಗಿಯಲು ಚರ್ಮದ ಕಿವಿಗಳು, ಕೆಳಗಿನ ಚರ್ಮಕ್ಕೆ ತಾಗಿಕೊಂಡು ಕರುಳಿನ ತಂತಿ. ಒದ್ದೆಯಾದರೆ ಚರ್ಮ ಜೋಲುಬೀಳುತ್ತೆ, ನೆನೆದ ರಟ್ಟು ಬಡಿದ ಹಾಗೆ ಡಬ್ ಅನ್ನುತ್ತೆ. ನಮ್ಮ ಜಾತ್ರೆಗಳಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಯಾಕೆ ಕಾಯಿಸುತ್ತಾರೆ, ನೀವು ನೋಡಿಲ್ವಾ? ಇದು ನಿಮ್ಮ ಕತೆಗೆ ನಷ್ಟ ಅಂದುಕೊಳ್ಳಬೇಡಿ. ಸದ್ದು ಬಾರದ ಡ್ರಮ್ಮನ್ನು ಕೋಟಿನೊಳಗೆ ಮುಚ್ಚಿಕೊಳ್ಳಲು ಒದ್ದಾಡುವ ಹುಡುಗ ಗರ್ಜಿಸುವ ಹುಡುಗನಿಗಿಂತ ನನಗೆ ಹೆಚ್ಚು ಹತ್ತಿರ.

ಅದೇ ಕದನದ ಇನ್ನೊಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಮಳೆ ನಿಂತ ಮೇಲೆ ರಾಜನ ಪಕ್ಷದವರು ಕೋಟು ತಿರುವಿ ಹಾಕಿಕೊಂಡು, ಕೋಟೆಯಿಂದ ಸಹಾಯಕ್ಕೆ ಬಂದವರ ಹಾಗೆ ನಟಿಸಿ ಹತ್ತಿರ ಹೋದರು. ಉಪಾಯ ಫಲಿಸಲಿಲ್ಲ. ಎದುರಿನವರು ಮುಖ ಗುರುತು ಹಿಡಿದರು. ಯಾಕೆಂದರೆ ಅವರೆಲ್ಲ ಅಕ್ಕಪಕ್ಕದ ಹೊಲದವರು. ಇದನ್ನು ಬಿಟ್ಟು ನೀವು ‘ಶತ್ರುಗಳ ಕ್ರೂರ ಕಣ್ಣುಗಳು’ ಅಂತ ಬರೆದಿದ್ದೀರಿ. ಎಂಥಾ ಶತ್ರು? ಹೋದ ವರ್ಷ ಇವರ ಮನೆಯಿಂದ ಗರಗಸ ಎರವಲು ಒಯ್ದವನು.

ಹಿನ್ನೆಲೆಗೆ ಎರಡೂವರೆ ಪುಟ ತೆಗೆದುಕೊಂಡಿದ್ದೀರಿ, ಜಾಸ್ತಿ ಆಯಿತು. ದೊಡ್ಡ ಜಮೀನ್ದಾರ ಸರ್ ಜಾನ್ ಜಾನ್ಸನ್ 1776ರ ಮೇ ತಿಂಗಳಲ್ಲಿ ಬಂಧನ ತಪ್ಪಿಸಿಕೊಂಡು, ತನ್ನ ಒಕ್ಕಲುಗಳನ್ನು ಕಟ್ಟಿಕೊಂಡು, ಆಡಿರೋಂಡ್ಯಾಕ್ ಬೆಟ್ಟದ ಕಾಡು ದಾಟಿ ಹಸಿದುಕೊಂಡು ಮಾಂಟ್ರಿಯಲ್ ಮುಟ್ಟಿದ, ಅಲ್ಲಿ ಪೀಟರ್ ಸೇರುವ ಪಡೆ ಕಿಂಗ್ಸ್ ರಾಯಲ್ ರೆಜಿಮೆಂಟ್ ಆಫ್ ನ್ಯೂಯಾರ್ಕ್ ಕಟ್ಟಿದ. ಒಂದು ವಾಕ್ಯ ಸಾಕಾಯಿತಲ್ಲ. ಉಳಿದ ಜಾಗವನ್ನು ಪೀಟರ್‌ನ ಮನೆಗೆ ಕೊಡಿ. ಆ ಕಣಿವೆಯಲ್ಲಿ ಸ್ಕಾಟ್ಲೆಂಡಿನ ಬೆಟ್ಟದವರೂ ಇದ್ದರು, 1710ರ ಹೊತ್ತಿಗೆ ಬಂದ ಜರ್ಮನರ ಮಕ್ಕಳು ಮೊಮ್ಮಕ್ಕಳೂ ಇದ್ದರು. ಪೀಟರ್ ಮನೆಯಲ್ಲಿ ಜರ್ಮನ್ ಮಾತಾಡುವ ಹುಡುಗ ಆಗಿರಬಹುದಲ್ವಾ? ಹಾಗಾದರೆ ಅಧಿಕಾರಿಯ ಇಂಗ್ಲಿಷ್ ಕೂಗಿಗಿಂತ ಡ್ರಮ್ಮಿನ ಮಾತೇ ಅವನಿಗೆ ಬೇಗ ಅರ್ಥ ಆಗುತ್ತಿತ್ತು. ಮೂರು ಭಾಷೆಯ ಜನ ಇರುವ ಪಡೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಿಳಿಯುವ ಮಾತು ಅದೊಂದೇ.

ಇನ್ನು ವಯಸ್ಸು. ಡ್ರಮ್ಮರ್ ಅಂದ ಕೂಡಲೇ ಎಲ್ಲರೂ ಹಾಲುಗಲ್ಲದ ಹುಡುಗನನ್ನೇ ಬರೆಯುತ್ತಾರೆ. ಹುಡುಗರು ಇದ್ದರು, ಸುಳ್ಳಲ್ಲ, ಸಿಪಾಯಿಗಳ ಮಕ್ಕಳೇ ಹೆಚ್ಚು. ಆದರೆ ಡ್ರಮ್ಮರ್‌ಗಳಲ್ಲಿ ಬಹಳಷ್ಟು ಜನ ಗಡ್ಡ ಬಲಿತ ಗಂಡಸರು, ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು. ಸಂಬಳ ನೋಡಿದರೇ ಗೊತ್ತಾಗುತ್ತೆ. ಬ್ರಿಟಿಷ್ ಪದಾತಿ ದಳದಲ್ಲಿ ಸಾದಾ ಸಿಪಾಯಿಗೆ ದಿನಕ್ಕೆ 8 ಪೆನ್ನಿ, ಡ್ರಮ್ಮರ್‌ಗೆ 12, ಅಂದರೆ 1 ಶಿಲಿಂಗ್, ಕಾರ್ಪೊರಲ್‌ಗೆ ಸಮ. ಕೈಗೆ ಬರುವಷ್ಟರಲ್ಲಿ ಬಟ್ಟೆಗೆ ಅದಕ್ಕೆ ಇದಕ್ಕೆ ಅಂತ ಮುರಿದುಕೊಳ್ಳುತ್ತಿದ್ದರು, ಅದು ಬೇರೆ ಮಾತು. ಮಕ್ಕಳಾಟಕ್ಕೆ ಯಾರೂ ಒಂದೂವರೆ ಪಟ್ಟು ಕೊಡುವುದಿಲ್ಲ. ಪೀಟರ್‌ನನ್ನು ಅಪ್ಪ ಯಾಕೆ ಡ್ರಮ್ಮಿಗೆ ಸೇರಿಸಿದ ಅಂತ ನೀವು ಕಾರಣವನ್ನೇ ಕೊಟ್ಟಿಲ್ಲ. ಇಗೋ, ಕಾರಣ ಸಿಕ್ಕಿತು.

ತಲೆಯೂ ಬೇಕಿತ್ತು. ಬಿಳಿ ಬಾವುಟ ಹಿಡಿದು ಮಾತುಕತೆಗೆ ಹೋಗುವ ಅಧಿಕಾರಿಯ ಜೊತೆ ಹೋಗುವವನು ಡ್ರಮ್ಮರ್. ಕುದುರೆ ದಳದಲ್ಲಾದರೆ ಈ ಕೆಲಸ ಕಹಳೆಯವನದು. ಕ್ವೀನ್ಸ್ ರೇಂಜರ್ಸ್ ಅನ್ನುವ ಇನ್ನೊಂದು ಲಾಯಲಿಸ್ಟ್ ಪಡೆಯಲ್ಲಿ ಬಾರ್ನಿ ಅಂತ ಒಬ್ಬ ಕಹಳೆಯವನಿದ್ದ. 1781ರ ಜೂನ್ 26, ವರ್ಜೀನಿಯಾದ ಸ್ಪೆನ್ಸರ್ಸ್ ಆರ್ಡಿನರಿ ಅನ್ನುವ ಜಾಗ. ಅವನು ಕಾವಲಿಗೆ ನಿಂತಿದ್ದಾಗ ಎದುರು ಪಕ್ಷದ ಕುದುರೆಗಳು ಬಂದವು. ಕೂಗಿ ಎಚ್ಚರಿಸಿದ, ಆಮೇಲೆ ತನ್ನವರು ಮೇವು ಕೂಡಿಸುತ್ತಿದ್ದ ಕಡೆಗೆ ಓಡದೆ ಬೇರೆ ದಿಕ್ಕಿಗೆ ಕುದುರೆ ಓಡಿಸಿದ, ಬೆನ್ನಟ್ಟಿದವರು ದಾರಿ ತಪ್ಪಲಿ ಅಂತ. ಅವನ ಕಮಾಂಡರ್ ಸಿಮ್ಕೋ ಇದನ್ನು ನೆನಪಿಟ್ಟು ಬರೆದಿಟ್ಟಿದ್ದಾನೆ. ನಿಮ್ಮ ಪೀಟರ್ 14 ಪುಟದಲ್ಲಿ ಒಂದು ಸಲವೂ ಹೀಗೆ ಯೋಚನೆ ಮಾಡಿಲ್ಲ. ಅಳುತ್ತಾನೆ, ಬಾರಿಸುತ್ತಾನೆ, ಮತ್ತೆ ಅಳುತ್ತಾನೆ.

ಬಾರಿಸುವುದಾದರೂ ಹೇಗೆ? ‘ಕೋಲುಗಳು ನರ್ತಿಸಿದವು’ ಅಂತ ಮೂರು ಕಡೆ ಇದೆ. ನಾನು ಶಾಲೆಯಲ್ಲಿ ಆಗಸ್ಟ್ 15ರ ಕವಾಯತಿಗೆ ಡ್ರಮ್ ಕಟ್ಟಿಕೊಂಡವನು, ಅದಕ್ಕೇ ಇದು ಬಿಡಲಾರೆ. ಪಟ್ಟಿ ಬಲಭುಜದಿಂದ ಇಳಿದು ಬರುತ್ತೆ, ಡ್ರಮ್ ಎಡತೊಡೆಯ ಮೇಲೆ ವಾಲಿ ನೇತಾಡುತ್ತೆ. ಪ್ರತಿ ಹೆಜ್ಜೆಗೂ ಅದರ ಅಂಚು ಮಂಡಿಗಿಂತ ಸ್ವಲ್ಪ ಮೇಲೆ ಒಂದೇ ಜಾಗಕ್ಕೆ ಕುಟ್ಟುತ್ತೆ. ವಾರದಲ್ಲಿ ಅಲ್ಲಿ ನೀಲಿಗಟ್ಟಿತ್ತು, ಅಮ್ಮ ಎಣ್ಣೆ ಹಚ್ಚಿದ್ದು ನೆನಪಿದೆ. ಡ್ರಮ್ ಓರೆಯಾಗಿರುವುದರಿಂದಲೇ ಎರಡು ಕೈ ಎರಡು ಥರ ಹಿಡಿಯಬೇಕು. ಬಲಗೈ ಸುತ್ತಿಗೆ ಹಿಡಿದ ಹಾಗೆ. ಎಡಗೈ ಅಂಗೈ ಮೇಲಾಗಿ, ಹೆಬ್ಬೆರಳಿನ ಸಂದಿಯಲ್ಲಿ ಕೋಲು ಸಿಕ್ಕಿಸಿಕೊಂಡು, ನಲ್ಲಿ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸಬೇಕು. ಹೊಸಬನಿಗೆ ಮೊದಲ ಪಾಠ ಎಡಕ್ಕೆರಡು, ಬಲಕ್ಕೆರಡು. ಇಂಗ್ಲಿಷಿನವರು ಅದನ್ನು ಡ್ಯಾಡಿ-ಮಮ್ಮಿ ಅನ್ನುವುದುಂಟು. ಬಹಳ ನಿಧಾನ ಶುರುಮಾಡಿ, ಒಂದೊಂದೇ ಏಟು ಎಣಿಸುವ ಹಾಗೆ, ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತಾ, ಕೊನೆಗೆ ಏಟುಗಳ ನಡುವಿನ ಸಂದು ಮುಚ್ಚಿಹೋಗಿ ಬಟ್ಟೆ ಹರಿದಂಥ ಒಂದೇ ಸದ್ದು ಬರಬೇಕು. ಎಡ ಮಣಿಕಟ್ಟು ಮೊದಲು ಸೋಲುತ್ತೆ. ಈ ಮಣಿಕಟ್ಟನ್ನು ಮರೆಯಬೇಡಿ, ಆಮೇಲೆ ಮತ್ತೆ ಬರುತ್ತೆ.

ಪದಗಳ ವಿಷಯ ಎರಡು ಮಾತು. ‘ನಗಾರಿ’ ಬೇಡ. ನಗಾರಿ ಅಂದರೆ ನಮಗೆ ಅರಮನೆ ಬಾಗಿಲು, ದೇವಸ್ಥಾನ, ಆನೆ ಮೇಲಿನ ಜೋಡಿ. ಡ್ರಮ್ ಅಂತಲೇ ಬರೆಯಿರಿ, ಯಾರಿಗೂ ಕಷ್ಟ ಇಲ್ಲ. ಫೈಫನ್ನು ‘ಕೊಳಲು’ ಮಾಡಿದ್ದೀರಿ, ‘ಮಧುರ ನಾದ’ ಬೇರೆ. ಕೊಳಲು ಅಂದ ಕೂಡಲೇ ನಮ್ಮ ಓದುಗನ ಮುಂದೆ ಕೃಷ್ಣ ಬಂದು ಕಾಲು ಅಡ್ಡ ಹಾಕಿ ನಿಲ್ಲುತ್ತಾನೆ. ಫೈಫ್ ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದದ ಮರದ ಕೊಳವೆ, ಬೆರಳಿಗೆ ಆರು ತೂತು, ತುದಿಗೆ ಹಿತ್ತಾಳೆ ಬಳೆ, ಸದ್ದು ಕಿವಿಗೆ ಚುಚ್ಚುವಂಥದ್ದು. ಗುಂಡಿನ ಸದ್ದನ್ನು ಮೀರಬೇಕಲ್ಲ, ಮಧುರ ಆಗಿದ್ದರೆ ಯಾರಿಗೆ ಕೇಳಿಸುತ್ತೆ! ಅಂದಹಾಗೆ ಬ್ರಿಟಿಷ್ ಲೆಕ್ಕದ ಪ್ರಕಾರ ಫೈಫ್‌ನವರು ಗ್ರೆನೇಡಿಯರ್ ಅನ್ನುವ ಆಯ್ದ ಸಿಪಾಯಿಗಳ ಕಂಪನಿಯಲ್ಲಿ ಮಾತ್ರ, ಅದೂ ಇಬ್ಬರು. ಉಳಿದ ಕಂಪನಿಗಳಲ್ಲಿ ಫೈಫ್ ಊದುವವನೂ ಪಟ್ಟಿಯಲ್ಲಿ ಡ್ರಮ್ಮರ್ ಅಂತಲೇ ಸಂಬಳ ತೆಗೆದುಕೊಳ್ಳುತ್ತಿದ್ದ. ನಮ್ಮ ಆಫೀಸುಗಳಲ್ಲಿ ಜವಾನ ಹುದ್ದೆಯಲ್ಲಿ ಟೈಪಿಂಗ್ ಮಾಡುವವರು ಇಲ್ವಾ, ಹಾಗೆ.

‘ಟ್ಯಾಟೂ ಆದ ಮೇಲೆ ಪೀಟರ್ ಮಲಗಿದ’ ಅಂತ ಬರೆದಿದ್ದೀರಿ. ನಮ್ಮ ಪ್ರೂಫ್ ನೋಡುವವರು ‘ಹಚ್ಚೆ ಯಾವಾಗ ಹಾಕಿಸಿಕೊಂಡ?’ ಅಂತ ಪಕ್ಕದಲ್ಲಿ ಗುರುತು ಹಾಕಿದ್ದಾರೆ. ನಗಬೇಡಿ, ತಪ್ಪು ನಿಮ್ಮದೇ. ಅದು ರಾತ್ರಿಯ ಡ್ರಮ್ ಕರೆ, ಡಚ್ ಮಾತಿನಿಂದ ಬಂದದ್ದು, ಪೀಪಾಯಿಯ ನಲ್ಲಿ ಮುಚ್ಚಿ ಅಂತ ಅರ್ಥ. ಹೆಂಡದಂಗಡಿಯವನು ನಲ್ಲಿ ಮುಚ್ಚಬೇಕು, ಸಿಪಾಯಿ ಮನೆ ಸೇರಬೇಕು. ಕತೆಯಲ್ಲಿ ಅದನ್ನು ವಿವರಿಸುತ್ತಾ ಕೂರಬೇಡಿ, ಡ್ರಮ್ ಬಂತು, ನಲ್ಲಿ ಮುಚ್ಚಿತು, ಒಬ್ಬ ಬೈದುಕೊಂಡು ಎದ್ದ, ಅಷ್ಟು ತೋರಿಸಿ. ಬೆಳಗಿನ ಎದ್ದೇಳು ಕರೆಯಿಂದ ಇದರವರೆಗೆ ದಿನ ಪೂರ್ತಿ ಡ್ರಮ್ಮಿನ ಕೈಯಲ್ಲಿತ್ತು. ಕೂಡಿಕೊಳ್ಳಲು ಒಂದು ಕರೆ, ಡೇರೆ ಕೀಳಲು ಒಂದು, ಚರ್ಚಿಗೊಂದು. ಊಟದ ಕರೆಯ ಧಾಟಿಯ ಹೆಸರು ರೋಸ್ಟ್ ಬೀಫ್, ತಟ್ಟೆಗೆ ಬೀಳುತ್ತಿದ್ದದ್ದು ಉಪ್ಪು ಹಾಕಿದ ಹಂದಿಮಾಂಸ ಮತ್ತು ಒಣ ಬಟಾಣಿ. ದಿನಾ ಮಧ್ಯಾಹ್ನ ಪೀಟರ್ ಈ ಸುಳ್ಳನ್ನು ಬಾರಿಸುತ್ತಾನೆ! ನೀವು ಇಂಥದ್ದನ್ನು ಬಿಟ್ಟು ಸೂರ್ಯೋದಯ ವರ್ಣಿಸಿದ್ದೀರಿ, ಮೂರು ಸಲ.

ಕೋಟಿನ ಬಣ್ಣ ಬೇಗ ಹೇಳಿ ಮುಗಿಸುತ್ತೇನೆ. 1777ರಲ್ಲಿ ಎಲ್ಲರಿಗೂ ಕೆಂಪು ಕೋಟು ಹಾಕಿಸಿದ್ದೀರಿ. ಆಗ ಇಂಥ ಸ್ಥಳೀಯ ಪಡೆಗಳಿಗೆ ಹೆಚ್ಚಾಗಿ ಸಿಕ್ಕಿದ್ದು ಹಸಿರು, ಕೆಂಪು ಬಂದದ್ದು ಆಮೇಲೆ. ಬ್ರಿಟಿಷ್ ಸೈನ್ಯದ 1768ರ ನಿಯಮದಲ್ಲಿ ಡ್ರಮ್ಮರ್‌ಗೆ ಬಣ್ಣ ಉಲ್ಟಾ: ಉಳಿದವರ ಕೋಟಿನ ಕಾಲರು, ತೋಳಿನ ಮಡಿಕೆ ಯಾವ ಬಣ್ಣವೋ ಡ್ರಮ್ಮರ್‌ನ ಇಡೀ ಕೋಟು ಆ ಬಣ್ಣ. ರಾಯಲ್ ಅನ್ನಿಸಿಕೊಂಡ ರೆಜಿಮೆಂಟುಗಳಿಗೆ ಇದರಿಂದ ವಿನಾಯಿತಿ. ಹೊಗೆಯಲ್ಲಿ ಅಧಿಕಾರಿ ಹುಡುಕಿದರೆ ಡ್ರಮ್ಮರ್ ಥಟ್ಟನೆ ಕಾಣಬೇಕು. ಎದುರಿನವನ ಬಂದೂಕಿಗೂ ಕಾಣುತ್ತಿದ್ದ ಅನ್ನಿ.

ಯಾರ್ಕ್‌ಟೌನ್ ಪೂರ್ತಿ ತೆಗೆಯಿರಿ. ‘ಕಾರ್ನ್‌ವಾಲಿಸ್ ನಮ್ಮ ಓದುಗರಿಗೆ ಪರಿಚಯ ಇರುವುದರಿಂದ ತಂದಿದ್ದೇನೆ’ ಅಂತ ಪತ್ರದಲ್ಲಿ ಬರೆದಿದ್ದೀರಿ. ಪರಿಚಯ ಹೌದು. ಅಲ್ಲಿ ಸೋತು ಹೋದವನೇ ಹತ್ತು ವರ್ಷದಲ್ಲಿ ಇಲ್ಲಿಗೆ ಬಂದು 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ. ಆದರೆ ಪೀಟರ್‌ನ ರೆಜಿಮೆಂಟು ಯಾರ್ಕ್‌ಟೌನ್ ಕಡೆ ತಲೆ ಹಾಕಿಯೂ ಮಲಗಲಿಲ್ಲ, ಅದು ನೂರಾರು ಮೈಲಿ ಉತ್ತರಕ್ಕೆ ಕೆನಡಾದಲ್ಲಿತ್ತು. ಶರಣಾಗುವಾಗ ಒಂದು ಪ್ರಸಿದ್ಧ ಹಾಡಿನ ಧಾಟಿ ನುಡಿಸಿದರು ಅಂತ ಹಾಕಿದ್ದೀರಲ್ಲ, ಅದು ಎಷ್ಟೋ ವರ್ಷ ಆದ ಮೇಲೆ ಹುಟ್ಟಿದ ಮಾತು. ಒಪ್ಪಂದದಲ್ಲಿ ಇದ್ದದ್ದು ಬ್ರಿಟಿಷ್ ಅಥವಾ ಜರ್ಮನ್ ನಡಿಗೆ ಬಾರಿಸಿಕೊಂಡು ಹೊರಗೆ ಬರಬೇಕು ಅಂತ ಮಾತ್ರ. ಅಲ್ಲಿಯ ನಿಜವಾದ ಡ್ರಮ್ಮರ್ ಬೇರೆ. ಅಕ್ಟೋಬರ್ 17ರ ಬೆಳಿಗ್ಗೆ ಒಬ್ಬ ಗೋಡೆಯ ಮೇಲೆ ಹತ್ತಿ ಮಾತುಕತೆಯ ಕರೆ ಬಾರಿಸಿದ. ಫಿರಂಗಿ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಎದುರು ಪಕ್ಷದ ಎಬೆನೆಜರ್ ಡೆನ್ನಿ ಅನ್ನುವ ಕಿರಿಯ ಅಧಿಕಾರಿ ಬರೆದಿಟ್ಟ ಪ್ರಕಾರ, ಅವನ ಕೆಂಪು ಕೋಟು ಕಣ್ಣಿಗೆ ಬಿದ್ದದ್ದರಿಂದ ಗುಂಡು ನಿಂತಿತು. ಚೆಂದದ ಸಂಗತಿ, ಆದರೆ ನಿಮ್ಮದಲ್ಲ. ಇನ್ನೊಂದು ಕತೆಗೆ ಎತ್ತಿಡಿ.

ನಿಮ್ಮ ರೆಜಿಮೆಂಟಿಗೆ ಅದರದೇ ಕೊನೆ ಇದೆ. ಯಾರ್ಕ್‌ಟೌನ್ ಶರಣಾಗಿ 6 ದಿನಕ್ಕೆ, ಅಕ್ಟೋಬರ್ 25ಕ್ಕೆ, ಮೇಜರ್ ರಾಸ್‌ನ ಜೊತೆ ಹೋದ ಇದೇ ರೆಜಿಮೆಂಟಿನ ಎರಡನೇ ಬೆಟಾಲಿಯನ್‌ನವರು ಜಾನ್ಸ್‌ಟೌನ್‌ನಲ್ಲಿ ಹೋರಾಡಿದರು, ಜಾನ್ಸನ್‌ನ ಹಳೇ ಮನೆಯ ಪಕ್ಕದ ಹೊಲಗಳಲ್ಲಿ. ಅಂದರೆ ತಮ್ಮದೇ ಊರಿನಲ್ಲಿ. ಅದರ ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಅದೇ ಸೀಮೆಯ ಕಣಜಗಳಿಗೆ ಬೆಂಕಿ ಇಟ್ಟವರೂ ಇವರ ರೆಜಿಮೆಂಟಿನವರೇ. ಪೀಟರ್‌ನನ್ನು ಸಾಯಿಸಲೇಬೇಡಿ. 1784ರಲ್ಲಿ ಉಳಿದವರ ಜೊತೆ ಅವನನ್ನೂ ಸೇಂಟ್ ಲಾರೆನ್ಸ್ ದಂಡೆಗೆ ಕಳಿಸಿ, ಸಾದಾ ಸಿಪಾಯಿಗೆ 100 ಎಕರೆ ಕಾಡು, ಸರ್ಕಾರದ ಕೊಡಲಿ. ಈಗ ಕಾರ್ನ್‌ವಾಲ್ ಪಟ್ಟಣ ಇರುವ ಜಾಗ. ನಿಮ್ಮ ಮನೆಯಿಂದ ಎಷ್ಟು ದೂರ?

ಈಗ 7ನೇ ಪುಟ. ಅಲ್ಲಿ ನೀವು ಬರೆದದ್ದು: ‘ಆ ದಿನ ಬೆಳಿಗ್ಗೆ ಹಾನ್ಸ್‌ಗೆ ಶಿಕ್ಷೆಯಾಯಿತು. ಪೀಟರ್ ಮಧ್ಯಾಹ್ನ ಊಟ ಮಾಡಲಿಲ್ಲ.’ ಮುಂದಿನ ಸಾಲಿಗೆ ಹಿಮ ಬೀಳಲು ಶುರು. ಇಡೀ ಕತೆಯಲ್ಲಿ ನಾನು ಪೆನ್ಸಿಲ್‌ನಿಂದ ಗೆರೆ ಎಳೆದದ್ದು ಈ ಎರಡು ವಾಕ್ಯಕ್ಕೆ ಮಾತ್ರ. ಬರೆಯುವಾಗ ನಿಮಗೆ ಗೊತ್ತಿತ್ತು, ಗೊತ್ತಿದ್ದೂ ಬದಿಗೆ ಸರಿದಿರಿ ಅಂತ ನನ್ನ ಅನುಮಾನ. ಬ್ರಿಟಿಷ್ ಸೈನ್ಯದಲ್ಲಿ ಚಾಟಿ ಬೀಸುವ ಕೆಲಸ ಡ್ರಮ್ಮರ್‌ಗಳದ್ದು. ಸಾರ್ಜೆಂಟ್‌ಗಳ ಉದ್ದ ಹಿಡಿಯ ಭರ್ಚಿಗಳನ್ನು ತುದಿ ಸೇರಿಸಿ ಕಟ್ಟಿ ನಿಲ್ಲಿಸುತ್ತಾರೆ, ತಪ್ಪು ಮಾಡಿದವನ ಅಂಗಿ ಬಿಚ್ಚಿ ಅದಕ್ಕೆ ಕೈ ಕಟ್ಟುತ್ತಾರೆ. ಇಡೀ ರೆಜಿಮೆಂಟ್ ಸುತ್ತ ನಿಂತು ನೋಡಬೇಕು. ಪಕ್ಕದಲ್ಲಿ ವೈದ್ಯ. ಒಂಬತ್ತು ಎಳೆಯ ಚಾಟಿ. ಶಿಕ್ಷೆ ನೂರಾರು ಏಟಿನ ಲೆಕ್ಕದಲ್ಲಿ. ಒಬ್ಬ ಡ್ರಮ್ಮರ್ 25 ಹೊಡೆದು ಇನ್ನೊಬ್ಬನಿಗೆ ಕೊಡುತ್ತಾನೆ, ಕೈ ಸೋತು ಏಟು ಹಗುರ ಆಗಬಾರದು ಅಂತ. ಡ್ರಮ್ಮರ್‌ಗಳ ಮೇಲಿನವನಾದ ಡ್ರಮ್ ಮೇಜರ್ ಎಣಿಸುತ್ತಾನೆ. ಮೆಲ್ಲಗೆ ಹೊಡೆದರೆ ಹೊಡೆಯುವವನ ಬೆನ್ನಿಗೇ ಬೆತ್ತ.

1768ರಲ್ಲಿ ಬ್ರಿಟಿಷರ 29ನೇ ರೆಜಿಮೆಂಟ್ ಬೋಸ್ಟನ್‌ಗೆ ಬಂದಾಗ ಅದರ ಡ್ರಮ್ಮರ್‌ಗಳು ಕಪ್ಪು ಜನ. ಗುಲಾಮರನ್ನು ಸಾಕಿಕೊಂಡಿದ್ದ ಊರು ಅದು, ಕಪ್ಪು ಕೈ ಬಿಳಿ ಬೆನ್ನಿಗೆ ಚಾಟಿ ಬೀಸುವುದನ್ನು ಬಯಲಲ್ಲಿ ನೋಡಿ ಜನ ದಂಗಾಗಿಹೋದರು. ಆ ಡ್ರಮ್ಮರ್‌ಗಳು ಬೇರೆ ಕಡೆಯಿಂದ ಬಂದವರು. ನಿಮ್ಮ ರೆಜಿಮೆಂಟಿನ ಕತೆ ಅದಕ್ಕಿಂತ ಇಕ್ಕಟ್ಟಿನದು. ಅಪ್ಪ, ಅಣ್ಣ, ಪಕ್ಕದ ಮನೆಯವನು ಎಲ್ಲಾ ಒಂದೇ ಕಂಪನಿ. ಹಾನ್ಸ್ ಯಾರು? ನಿಮ್ಮ 3ನೇ ಪುಟದ ಪ್ರಕಾರ ಪೀಟರ್‌ಗೆ ಮೀನು ಹಿಡಿಯುವುದು ಕಲಿಸಿದವನು. ಅವನ ಬೆನ್ನು, ಇವನ ಮಣಿಕಟ್ಟು. ಎಡಕ್ಕೆರಡು ಬಲಕ್ಕೆರಡು ಅಂತ ತಿಂಗಳುಗಟ್ಟಲೆ ಒಂದೇ ತೂಕದಲ್ಲಿ ಹೊಡೆಯಲು ಕಲಿತ ಮಣಿಕಟ್ಟು, ಮೆಲ್ಲಗೆ ಹೊಡೆಯಬೇಕು ಅಂದರೂ ಅದಕ್ಕೆ ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ಅದೇ ಕೈ ರೋಸ್ಟ್ ಬೀಫ್ ಬಾರಿಸಬೇಕು. ರಾತ್ರಿ ನಲ್ಲಿ ಮುಚ್ಚಿದ ಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗಬೇಕು, ಒಬ್ಬ ಬೋರಲು.

ಇದನ್ನು ಬರೆಯಿರಿ. 6 ಪುಟ ಸಾಕು. ಒರಿಸ್ಕನಿ ಬೇಕಾದರೆ ನೆನಪಾಗಿ ಬರಲಿ, ಮುಖ ಗುರುತು ಹಿಡಿದ ಗಳಿಗೆಯಷ್ಟು. ಹಾನ್ಸ್ ಮಾಡಿದ ತಪ್ಪು ಏನು ಅಂತ ನೀವೇ ತೀರ್ಮಾನಿಸಿ, ದೊಡ್ಡದು ಮಾಡಬೇಡಿ, ಊರಿಗೆ ಹೋಗಿಬರಲು ಹೊರಟಿದ್ದ ಅನ್ನುವಷ್ಟು ಸಾಕೇನೋ. ಪೀಟರ್‌ಗೆ ಆಗ 14 ಇರಲಿ, 11 ಬೇಡ. ಚಾಟಿ ಅವನ ಕೈಗೆ ಬಂದಾಗ ಹಿಂದಿನವನ ಬೆವರಿಗೆ ಹಿಡಿ ಒದ್ದೆಯಾಗಿರುತ್ತೆ, ಅಲ್ಲಿಂದ ಶುರುಮಾಡಿದರೂ ಆದೀತು.

ಮುಂದಿನ ಸಂಚಿಕೆ ತುಂಬಿದೆ, ಅದರ ಮುಂದಿನದಕ್ಕೆ ಜಾಗ ಇಟ್ಟಿರುತ್ತೇನೆ, ಅವಸರ ಮಾಡಬೇಡಿ. ಮತ್ತೆ, ಹಾನ್ಸ್ ಹೆಸರು 3ನೇ ಪುಟದಲ್ಲಿ ‘ಹ್ಯಾನ್ಸ್’ ಅಂತಿದೆ, 7ರಲ್ಲಿ ‘ಹಾನ್ಸ್’. ಅವನ ಅಮ್ಮ ಜರ್ಮನ್‌ನವಳಾದರೆ ‘ಹಾನ್ಸ್’ ಅಂತಲೇ ಕರೆಯುತ್ತಾಳೆ. ಒಂದೇ ಥರ ಮಾಡಿ ಕಳಿಸಿ.